ಸೋಗಾನೆಗೆ ವಿಮಾನ ಬಂತು, ಮಂಗನ ಕಾಯಿಲೆಗೆ ಲಸಿಕೆ ಯಾಕೆ ಬರಲಿಲ್ಲ? ಸಂಶೋಧನೆಯ ಹಣ ಹಂಚಿಕೆಯಾಗುವ ಬಗೆ

ಮಂಗನ ಕಾಯಿಲೆಯ ಕಾಲ ಶುರುವಾದರೆ ಮಲೆನಾಡಿನ ವಾಟ್ಸಾಪ್ ಗುಂಪುಗಳಲ್ಲಿ ಈ ಧಾಟಿಯ ಸಂದೇಶಗಳೂ ಶುರುವಾಗುತ್ತವೆ: ಸೋಗಾನೆಯ ವಿಮಾನ ನಿಲ್ದಾಣಕ್ಕೆ 450 ಕೋಟಿ ಸಿಗುತ್ತದೆ, ಕೇಂದ್ರ ಸರ್ಕಾರ ಸಂಶೋಧನೆಗೆ 1 ಲಕ್ಷ ಕೋಟಿ ಕೊಡುತ್ತದೆ, ಆದರೆ 1957ರಿಂದ ನಮ್ಮನ್ನು ಕಾಡುತ್ತಿರುವ ಕಾಯಿಲೆಗೆ ಇವತ್ತಿಗೂ ಲಸಿಕೆ ಇಲ್ಲ. ಹಾಗಾದರೆ ಹಣ ಯಾರು ತಿಂದರು? ಎಲ್ಲರಿಗೂ ಶೇರ್ ಮಾಡಿ.

ಇದರಲ್ಲಿರುವ ಅಂಕಿಗಳು ಹೆಚ್ಚುಕಡಿಮೆ ಸರಿ, ಸಿಟ್ಟಿಗೂ ಕಾರಣವಿದೆ. ತಪ್ಪಿರುವುದು ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಿದ ರೀತಿಯಲ್ಲಿ. ಸಂಶೋಧನೆಯ ಹಣ ಎಷ್ಟು ಎಂಬುದರಷ್ಟೇ ಮುಖ್ಯವಾದ ಪ್ರಶ್ನೆಗಳು ಇನ್ನೆರಡಿವೆ: ಯಾವ ವರ್ಷ ಬಂತು, ಯಾವ ಕೆಲಸಕ್ಕೆ ಬಂತು. ಮಂಗನ ಕಾಯಿಲೆಯ ಇತಿಹಾಸ ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಲಸಿಕೆ ಇರಲೇ ಇಲ್ಲವೇ?

ಇತ್ತು. ಮೂರು ದಶಕಗಳಷ್ಟು ಕಾಲ ಕೊಡಲಾಯಿತು ಕೂಡ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಹಳ್ಳಿಗಳಲ್ಲಿ ಜನರಿಗೆ ವಿಪರೀತ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಹೊಸ ವೈರಸ್ಸನ್ನು ಪತ್ತೆ ಮಾಡಿದರು, ಅದು ಉಣುಗುಗಳ ಮೂಲಕ ಹರಡುತ್ತದೆ ಎಂಬುದನ್ನೂ ಕಂಡುಕೊಂಡರು. ಇಷ್ಟು ಬೇಗ ಅವರು ಬರಲು ಸಾಧ್ಯವಾದದ್ದಕ್ಕೆ ಒಂದು ಕಾರಣ ಹಣದ ವ್ಯವಸ್ಥೆ. ಆ ಕೇಂದ್ರವನ್ನು 1952ರಲ್ಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಮತ್ತು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ ಸೇರಿ ಕಟ್ಟಿದ್ದವು. ಮುಂದೆ ಯಾವ ಕಾಯಿಲೆ ಬರುತ್ತದೆಂದು ಯಾರಿಗೂ ಗೊತ್ತಿಲ್ಲದಿದ್ದಾಗಲೇ ಸಂಬಳ, ಉಪಕರಣ, ತರಬೇತಿ ಎಲ್ಲವೂ ಸಿದ್ಧವಿತ್ತು. ಸಾಗರದಲ್ಲಿ ಒಂದು ಕ್ಷೇತ್ರ ಕೇಂದ್ರವೂ ನಡೆಯಿತು. 1967ರಲ್ಲಿ ರಾಕ್‌ಫೆಲ್ಲರ್ ನೆರವು ನಿಂತು, ಕೇಂದ್ರ ಪೂರ್ತಿಯಾಗಿ ಐಸಿಎಂಆರ್ ಕೈಗೆ ಬಂತು. ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ ಎಂದರೆ ಇದೇ.

ಮೊದಲಿಗೆ, ಇದೇ ಕುಟುಂಬಕ್ಕೆ ಸೇರಿದ ರಷ್ಯಾದ ಮಿದುಳುಜ್ವರದ ವೈರಸ್‌ಗೆಂದು ತಯಾರಿಸಿದ್ದ ಲಸಿಕೆಯನ್ನು ಇಲ್ಲಿ ಪ್ರಯೋಗಿಸಿದರು. ಅದು ಕೆಲಸಕ್ಕೆ ಬರಲಿಲ್ಲ. ಆಮೇಲೆ ಕ್ಯಾಸನೂರಿನ ವೈರಸ್ಸನ್ನೇ ಕೋಳಿ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿ ಲಸಿಕೆ ತಯಾರಿಸಿದರು. 1983ರ ಸುಮಾರಿಗೆ ಬೆಳ್ತಂಗಡಿ ಕಡೆ ಸಾವಿರಕ್ಕೂ ಹೆಚ್ಚು ಜನರಿಗೆ ಕಾಯಿಲೆ ಬಂದು ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡಿದ್ದರು. ಲಸಿಕೆ ಜನರ ತೋಳಿಗೆ ತಲುಪಿದ್ದು 1990ರ ಹೊತ್ತಿಗೆ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ನಡೆದ ಕ್ಷೇತ್ರ ಪರೀಕ್ಷೆಯ ವರದಿ 1994ರಲ್ಲಿ ಪ್ರಕಟವಾಯಿತು: ಒಂದು ಡೋಸ್‌ನಿಂದ ಶೇ 79.3, ಎರಡು ಡೋಸ್‌ನಿಂದ ಶೇ 93.5 ರಕ್ಷಣೆ.

ಅದಾದ ಮೇಲೆ 2005ರಿಂದ 2010ರವರೆಗಿನ ಮಾಹಿತಿಯನ್ನು ಇಟ್ಟುಕೊಂಡು ಮಾಡಿದ ಅಧ್ಯಯನ 2013ರಲ್ಲಿ ಬಂತು. ಅದರ ಪ್ರಕಾರ ಎರಡು ಡೋಸ್‌ನ ರಕ್ಷಣೆ ಶೇ 62.4 ಮಾತ್ರ, ಬೂಸ್ಟರ್ ಕೂಡ ತೆಗೆದುಕೊಂಡವರಲ್ಲಿ ಶೇ 82.9. ಅಂದರೆ ಲಸಿಕೆ ಪಡೆಯದ ಒಂದು ಗುಂಪಿನಲ್ಲಿ 100 ಜನರಿಗೆ ಕಾಯಿಲೆ ಬರುವಲ್ಲಿ, ಎರಡು ಡೋಸ್ ಪಡೆದ ಅಷ್ಟೇ ದೊಡ್ಡ ಗುಂಪಿನಲ್ಲಿ ಸುಮಾರು 38 ಜನರಿಗೆ ಬಂತು. ಎರಡು ಅಧ್ಯಯನಗಳ ವಿಧಾನ ಬೇರೆ, ಹಾಗಾಗಿ 93 ನೇರವಾಗಿ 62ಕ್ಕೆ ಕುಸಿಯಿತು ಎನ್ನಲಾಗದು. ಆದರೂ ಎಚ್ಚರಿಕೆಯ ಗಂಟೆ ಸ್ಪಷ್ಟವಾಗಿಯೇ ಬಾರಿಸಿತ್ತು. ಜೊತೆಗೆ ಚುಚ್ಚುಮದ್ದು ವಿಪರೀತ ನೋಯುತ್ತಿತ್ತು, ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕಿತ್ತು. ಕೂಲಿಗೆ ಹೋಗುವವರು ಎರಡನೇ ಡೋಸ್‌ಗೆ ಬರುತ್ತಿರಲಿಲ್ಲ.

2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಕಾಯಿಲೆ ಹಬ್ಬಿ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. 2022ರಲ್ಲಿ, ಪರಿಣಾಮ ಸಾಲದು ಎಂಬ ಕಾರಣಕ್ಕೆ, ಹಳೆಯ ಲಸಿಕೆ ನಿಂತಿತು. ಬದಲಿ ಲಸಿಕೆ ಕೈಯಲ್ಲಿರಲಿಲ್ಲ. ಔಷಧ ಕಂಪನಿಗಳ ಪಿತೂರಿಯಿಂದ ಲಸಿಕೆ ನಿಲ್ಲಿಸಿದರು ಎಂಬ ಇನ್ನೊಂದು ಫಾರ್ವರ್ಡ್ ಬಂದರೆ ನೆನಪಿಡಿ: ಹಳೆಯ ಲಸಿಕೆ ತಯಾರಾಗುತ್ತಿದ್ದದ್ದು ಬೆಂಗಳೂರಿನ ಹೆಬ್ಬಾಳದ ಸರ್ಕಾರಿ ಸಂಸ್ಥೆಯಲ್ಲಿ. ಮಲೆನಾಡಿನ ಅಂಚಿನ ಹಳ್ಳಿಗಳಿಗಷ್ಟೇ ಬೇಕಾದ ಲಸಿಕೆಯಲ್ಲಿ ಕಂಪನಿಗಳಿಗೆ ಆಸಕ್ತಿಯೇ ಇರಲಿಲ್ಲ ಎನ್ನುವುದು ಸತ್ಯಕ್ಕೆ ಹೆಚ್ಚು ಹತ್ತಿರ.

ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಇದು: ಹೊಸ ಲಸಿಕೆಯ ಕೆಲಸ ಹಳೆಯದು ಚೆನ್ನಾಗಿ ನಡೆಯುತ್ತಿದ್ದಾಗಲೇ, 1990ರ ದಶಕದಲ್ಲೇ, ಯಾಕೆ ಶುರುವಾಗಲಿಲ್ಲ?

ಒಂದು ಲಕ್ಷ ಕೋಟಿ ಎಂದರೆ ಈ ವರ್ಷ ಎಷ್ಟು?

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಸುದ್ದಿಯಲ್ಲಿ ಬರುವ ದೊಡ್ಡ ಮೊತ್ತಗಳನ್ನು ಓದುವುದು ಹೇಗೆಂದು ನೋಡೋಣ. ಒಂದು ಯೋಜನೆಯ ಹಣಕ್ಕೆ ನಾಲ್ಕು ಅಂಕಿಗಳಿರುತ್ತವೆ. ಯೋಜನೆಯ ಪೂರ್ತಿ ಅವಧಿಗೆ ಸಂಪುಟ ಒಪ್ಪಿದ ಒಟ್ಟು ಮೊತ್ತ ಮೊದಲನೆಯದು. ಆ ವರ್ಷದ ಬಜೆಟ್‌ನಲ್ಲಿ ಇಟ್ಟದ್ದು ಎರಡನೆಯದು, ಇದು ಬಜೆಟ್ ಅಂದಾಜು. ವರ್ಷದ ಕೊನೆಯಲ್ಲಿ ತಿದ್ದಿದ್ದು ಪರಿಷ್ಕೃತ ಅಂದಾಜು. ಕೊನೆಯದು ನಿಜವಾಗಿ ಖರ್ಚಾದದ್ದು. ಫಾರ್ವರ್ಡ್‌ಗಳಲ್ಲಿ ಓಡಾಡುವುದು ಯಾವಾಗಲೂ ಮೊದಲನೆಯದೇ, ಯಾಕೆಂದರೆ ಅದೇ ದೊಡ್ಡದು.

ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನವನ್ನು ತೆಗೆದುಕೊಳ್ಳಿ. 2023ರಲ್ಲಿ ಇದರ ಕಾಯ್ದೆ ಬಂದಾಗ ಎಲ್ಲೆಡೆ ಕಂಡದ್ದು 50,000 ಕೋಟಿ. ಅದು 2023ರಿಂದ 2028ರವರೆಗಿನ ಐದು ವರ್ಷಕ್ಕೆ. ಅದರಲ್ಲಿ ಸರ್ಕಾರದ ಪಾಲು 14,000 ಕೋಟಿ, ಉಳಿದ 36,000 ಕೋಟಿ ಉದ್ಯಮಗಳು, ದಾನಿಗಳು ಮೊದಲಾದ ಕಡೆಯಿಂದ ಬರಬೇಕು ಎಂಬ ನಿರೀಕ್ಷೆ. ಸರ್ಕಾರದ ಪಾಲನ್ನು ಐದರಿಂದ ಭಾಗಿಸಿದರೆ ವರ್ಷಕ್ಕೆ 2,800 ಕೋಟಿ. ಮೊದಲ ವರ್ಷದ ಬಜೆಟ್‌ನಲ್ಲಿ ಇಟ್ಟದ್ದು 2,000 ಕೋಟಿ, ಪರಿಷ್ಕೃತ ಅಂದಾಜಿನಲ್ಲಿ ಅದು 300 ಕೋಟಿಗಿಂತ ಕಡಿಮೆಯಾಯಿತು. 50,000 ಎಲ್ಲಿ, 300 ಎಲ್ಲಿ!

ಇನ್ನೊಂದು, ಇದು ಸ್ವಲ್ಪ ತಮಾಷೆಯದು. 2024ರ ಆಗಸ್ಟ್‌ನಲ್ಲಿ ‘ವಿಜ್ಞಾನ ಧಾರಾ’ ಯೋಜನೆಗೆ 10,579 ಕೋಟಿ ಎಂದು ಸುದ್ದಿಯಾಯಿತು. ಹೊಸ ಹಣ ಎಂದು ಖುಷಿಪಟ್ಟವರು ಅವಧಿಯನ್ನು ಓದಿರಲಿಲ್ಲ: 2021-22ರಿಂದ 2025-26. ಅಂದರೆ ಘೋಷಣೆಯ ಹೊತ್ತಿಗೆ ಐದರಲ್ಲಿ ಮೂರು ವರ್ಷ ಮುಗಿದೇ ಹೋಗಿತ್ತು. ಅದು ಹಿಂದೆ ನಡೆಯುತ್ತಿದ್ದ ಮೂರು ಯೋಜನೆಗಳನ್ನು ಸೇರಿಸಿ ಒಂದು ಮಾಡಿದ್ದು. ಮೋಸವೇನೂ ಇಲ್ಲ, ಪ್ರಕಟಣೆಯಲ್ಲೇ ಅವಧಿ ಬರೆದಿತ್ತು.

ಇನ್ನು ಆ 1 ಲಕ್ಷ ಕೋಟಿ. 2025ರ ಜುಲೈನಲ್ಲಿ ಕೇಂದ್ರ ಸಂಪುಟ ಒಪ್ಪಿದ ಸಂಶೋಧನೆ, ಅಭಿವೃದ್ಧಿ ಮತ್ತು ನಾವೀನ್ಯ ನಿಧಿ ಇದು. ಹಲವು ವರ್ಷಗಳ ಮೊತ್ತ, 2025-26ರ ಬಜೆಟ್‌ನಲ್ಲಿ ಇದಕ್ಕೆಂದು ಇಟ್ಟಿದ್ದು 20,000 ಕೋಟಿ. ಇದರ ಬಹುಪಾಲು ಖಾಸಗಿ ವಲಯಕ್ಕೆ ಕಡಿಮೆ ಬಡ್ಡಿಯ ಅಥವಾ ಬಡ್ಡಿಯಿಲ್ಲದ ದೀರ್ಘಾವಧಿ ಸಾಲವಾಗಿ, ಬಂಡವಾಳವಾಗಿ ಹೋಗುವಂಥದ್ದು. ಮಾರುಕಟ್ಟೆಗೆ ಬರುವ ಹಂತದ ಹತ್ತಿರವಿರುವ ತಂತ್ರಜ್ಞಾನಕ್ಕೆ ಇದು ಸರಿ. ಶಿವಮೊಗ್ಗದ ವೈರಸ್ ಪತ್ತೆ ಪ್ರಯೋಗಾಲಯದಲ್ಲಿ ಉಣುಗುಗಳನ್ನು ಪರೀಕ್ಷಿಸುವವರು ಸಾಲ ತೆಗೆದುಕೊಂಡು ಯಾವ ಲಾಭದಿಂದ ತೀರಿಸಬೇಕು?

ಅರ್ಧಕ್ಕೆ ನಿಂತರೆ ಏನಾಗುತ್ತದೆ?

ಸೋಗಾನೆಯ ಹೋಲಿಕೆಗೆ ಬರೋಣ. ವಿಮಾನ ನಿಲ್ದಾಣದ ಕೆಲಸವೂ ಒಂದೇ ಓಟದಲ್ಲಿ ಮುಗಿದದ್ದಲ್ಲ ಎಂಬುದು ಶಿವಮೊಗ್ಗದವರಿಗೆ ಗೊತ್ತು. ಖಾಸಗಿ ಸಹಭಾಗಿತ್ವದಲ್ಲಿ ಮೊದಲು ಕೈಗೆತ್ತಿಕೊಂಡ ಕೆಲಸ ಅರ್ಧಕ್ಕೆ ನಿಂತು ವರ್ಷಗಟ್ಟಲೆ ಹಾಗೇ ಬಿದ್ದಿತ್ತು. 2020ರಲ್ಲಿ ಮತ್ತೆ ಶುರುವಾಗಿ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. ನಡುವೆ ಕೆಲಸ ನಿಂತಿದ್ದಾಗ ಅಲ್ಲಿ ಗಿಡಗಂಟಿ ಬೆಳೆದಿರಬಹುದು, ಆದರೆ ಭೂಮಿ ಅಲ್ಲೇ ಇತ್ತು, ಸಮತಟ್ಟು ಮಾಡಿದ ಮಣ್ಣೂ ಅಲ್ಲೇ ಇತ್ತು. ಹಣ ಬಂದಾಗ ಬಿಟ್ಟಲ್ಲಿಂದ ಮುಂದುವರಿಸಬಹುದಿತ್ತು.

ಪ್ರಯೋಗಾಲಯದ ಕತೆ ಬೇರೆ. ಅಲ್ಲಿ ಕೆಲಸ ಮಾಡುವ ಯುವ ಸಂಶೋಧಕರಲ್ಲಿ ಬಹಳಷ್ಟು ಮಂದಿ ಪ್ರಾಜೆಕ್ಟ್‌ನ ಹಣದಲ್ಲಿ ಇರುವವರು. ಪ್ರಾಜೆಕ್ಟ್ ಸಾಮಾನ್ಯವಾಗಿ ಮೂರು ವರ್ಷದ್ದು. ಮೂರನೇ ವರ್ಷದ ಕಂತು ಆರು ತಿಂಗಳು ತಡವಾದರೆ ಅವರು ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಾರೆ, ಹೋಗದೆ ಇನ್ನೇನು ಮಾಡಬೇಕು? ಅವರ ಜೊತೆಗೆ ಕೈಚಳಕವೂ ಹೋಗುತ್ತದೆ: ಯಾವ ಕಾಡಿನಲ್ಲಿ ಬಟ್ಟೆ ಎಳೆದು ಉಣುಗು ಹಿಡಿಯಬೇಕು, ಯಾವ ಊರಿನಲ್ಲಿ ಯಾರನ್ನು ಕೇಳಿದರೆ ಮಂಗ ಸತ್ತ ಸುದ್ದಿ ಸಿಗುತ್ತದೆ. ಮೈನಸ್ 80 ಡಿಗ್ರಿಯ ಫ್ರೀಜರ್‌ನಲ್ಲಿಟ್ಟ ಮಾದರಿಗಳಿಗೆ ವಿದ್ಯುತ್ ಬೇಕು, ಜನರೇಟರ್‌ಗೆ ಡೀಸೆಲ್ ಬೇಕು, ಸುರಕ್ಷತಾ ಪ್ರಯೋಗಾಲಯದ ಗಾಳಿಯ ಶೋಧಕಗಳನ್ನು ಆಗಾಗ ಬದಲಿಸಬೇಕು. ಕಟ್ಟಡಕ್ಕೆ ಹಣ ಕೊಟ್ಟು ನಿರ್ವಹಣೆಗೆ ಕೊಡದಿದ್ದರೆ ಉದ್ಘಾಟನೆಯ ಕಲ್ಲು ಮಾತ್ರ ಉಳಿಯುತ್ತದೆ. ಇದು ಶಿವಮೊಗ್ಗಕ್ಕೆ ಮಾತ್ರ ಹೇಳಿದ ಮಾತಲ್ಲ, ದೇಶದಲ್ಲಿ ಎಲ್ಲಿ ಹೋದರೂ ಇದೇ ಪಾಡು.

ಅಡಿಕೆ ತೋಟ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಸಿ ನೆಟ್ಟು ಫಸಲು ನೋಡಲು ಐದಾರು ವರ್ಷ ಬೇಕು. ಮೂರು ವರ್ಷ ಚೆನ್ನಾಗಿ ನೀರು ಹಾಕಿ ನಾಲ್ಕನೇ ಬೇಸಿಗೆಯಲ್ಲಿ ಕೈಬಿಟ್ಟರೆ, ಐದನೇ ವರ್ಷ ಎರಡು ಪಾಲು ನೀರು ಹಾಯಿಸಿದರೂ ಒಣಗಿದ ಗಿಡ ಚಿಗುರುವುದಿಲ್ಲ. ಕೊಳೆರೋಗದ ವಿಷಯವೂ ಹಾಗೆಯೇ. ಬೋರ್ಡೋ ದ್ರಾವಣವನ್ನು ಮಳೆಗಾಲ ಜೋರಾಗುವ ಮೊದಲೇ ಹೊಡೆಯಬೇಕು. ಕಾಯಿ ಉದುರುವುದನ್ನು ನೋಡಿದ ಮೇಲೆ ಗೊನೆ ತೊಯ್ಯುವಷ್ಟು ಹೊಡೆದರೂ ಉದುರಿದ್ದು ಮರಕ್ಕೆ ಹತ್ತುವುದಿಲ್ಲ. ಮಂಗನ ಕಾಯಿಲೆಯ ವಿಷಯದಲ್ಲಿ ಹಣದ ಮಾತು ಜೋರಾಗುವುದು ಸಾವಿನ ಸುದ್ದಿ ಬಂದ ಬೇಸಿಗೆಯಲ್ಲಿ. ಮಳೆ ಬಿದ್ದು ಉಣುಗು ಕಡಿಮೆಯಾದರೆ ಮಾತೂ ಕಡಿಮೆ.

ಹತ್ತು ರೂಪಾಯಿ ಇದ್ದರೆ ಹೇಗೆ ಹಂಚುತ್ತೀರಿ?

ಇದೇ ನಿಜವಾಗಿ ಕಷ್ಟದ ಭಾಗ. ಮಂಗನ ಕಾಯಿಲೆಗೆ ವರ್ಷಕ್ಕೆ 10 ರೂಪಾಯಿಯಂತೆ ಹತ್ತು ವರ್ಷಕ್ಕೆ 100 ರೂಪಾಯಿ ಸಿಗುತ್ತದೆ ಎಂದು ಊಹಿಸಿಕೊಳ್ಳಿ. ಮುಂದಿರುವ ಕೆಲಸಗಳು: ಸತ್ತ ಮಂಗ ಮತ್ತು ಉಣುಗುಗಳ ಮೇಲೆ ನಿಗಾ, ಬೇಗ ಕಾಯಿಲೆ ಪತ್ತೆ ಮಾಡುವ ಪರೀಕ್ಷೆ ಮತ್ತು ಚಿಕಿತ್ಸೆ, ಹೊಸ ಲಸಿಕೆ, ಕಾಡು ಮತ್ತು ಜನಜೀವನದ ಅಧ್ಯಯನ. ನಾಲ್ಕಕ್ಕೂ ವರ್ಷಕ್ಕೆ ಎರಡೂವರೆ ರೂಪಾಯಿ ಕೊಟ್ಟರೆ ನ್ಯಾಯ ಎನಿಸುತ್ತದೆ. ಹಾಗೆ ಮಾಡಿದರೆ ನಾಲ್ಕೂ ಹಾಳಾಗುತ್ತವೆ.

ಯಾಕೆಂದರೆ ಒಂದೊಂದು ಕೆಲಸದ ಹಸಿವು ಒಂದೊಂದು ಕಾಲದಲ್ಲಿ. ನಿಗಾ ವ್ಯವಸ್ಥೆಗೆ ಪ್ರತಿವರ್ಷ ಒಂದೇ ಪ್ರಮಾಣದ ಹಣ ತಪ್ಪದೆ ಬೇಕು. ಒಂದು ವರ್ಷ ಇಲ್ಲದಿದ್ದರೂ ಮಾಹಿತಿಯ ಸರಪಳಿ ತುಂಡಾಗುತ್ತದೆ, ಆ ವರ್ಷ ಕಾಯಿಲೆ ಇರಲಿಲ್ಲವೋ ಅಥವಾ ನೋಡುವವರೇ ಇರಲಿಲ್ಲವೋ ಎಂದು ಆಮೇಲೆ ಹೇಳಲಾಗದು. ಲಸಿಕೆಗೆ ಮೊದಲ ಮೂರ್ನಾಲ್ಕು ವರ್ಷ ಕಡಿಮೆ ಸಾಕು: ವೈರಸ್ ತಳಿಯ ಆಯ್ಕೆ, ಇಲಿ ಮತ್ತು ಮಂಗಗಳ ಮೇಲಿನ ಪ್ರಯೋಗ. ಆಮೇಲೆ ಮನುಷ್ಯರ ಮೇಲಿನ ಪರೀಕ್ಷೆಗಳು ಶುರುವಾದಾಗ ಒಮ್ಮೆಲೇ ಹತ್ತು ಪಟ್ಟು ಬೇಕಾಗಬಹುದು. ವರ್ಷಕ್ಕೆ ಎರಡೂವರೆ ರೂಪಾಯಿಯ ಮಿತಿಯಿದ್ದರೆ ಮೊದಲ ವರ್ಷಗಳ ಹಣ ಉಳಿದು ವಾಪಸ್ ಹೋಗುತ್ತದೆ, ಬೇಕಾದಾಗ ಸಾಲುವುದಿಲ್ಲ.

ಕಾಡಿನ ಅಧ್ಯಯನ ಇನ್ನೊಂದು ಬಗೆ. ಬ್ರಿಟನ್ನಿನ ಪರಿಸರ ವಿಜ್ಞಾನಿಗಳು, ಬೆಂಗಳೂರಿನ ಏಟ್ರೀ ಸಂಸ್ಥೆ, ರಾಜ್ಯದ ಆರೋಗ್ಯ ಇಲಾಖೆ ಮತ್ತಿತರರು ಸೇರಿ, ಬ್ರಿಟನ್ನಿನ ಸಂಶೋಧನಾ ಮಂಡಳಿಗಳ ಹಣದಲ್ಲಿ ಇಂಥ ಒಂದು ಕೆಲಸ ಮಾಡಿ 2020ರಲ್ಲಿ ಅಪಾಯದ ಪ್ರದೇಶಗಳ ನಕ್ಷೆ ಪ್ರಕಟಿಸಿದರು. ದಟ್ಟ ಕಾಡಿಗಿಂತ ಕಾಡು, ತೋಟ, ಗದ್ದೆ ಬೆರೆತಿರುವ ಜಾಗಗಳ ಕಡೆಗೆ ಅದು ಬೆರಳು ತೋರಿಸಿತು. ಬಹಳ ಉಪಯೋಗದ ಕೆಲಸ. ಆದರೆ ನಕ್ಷೆ ಹಳತಾಗುತ್ತದೆ, ಮತ್ತು ಅದನ್ನು ಹೊಸದು ಮಾಡಲು ಬೇಕಾದ ಅಂಕಿಗಳು ಬರುವುದು ನಿಗಾ ವ್ಯವಸ್ಥೆಯಿಂದಲೇ.

ನನ್ನನ್ನು ಕೇಳಿದರೆ ನಿಗಾ ಮತ್ತು ಪ್ರಯೋಗಾಲಯದ ಸಿಬ್ಬಂದಿಗೆ ಮೊದಲು ಮೂರ್ನಾಲ್ಕು ರೂಪಾಯಿ ತೆಗೆದಿಟ್ಟು, ಅದನ್ನು ಹತ್ತು ವರ್ಷ ಯಾರೂ ಮುಟ್ಟದಂತೆ ಬೀಗ ಹಾಕಬೇಕು. ಲಸಿಕೆಗೆ ಹಂತಹಂತವಾಗಿ ಕೊಡಬೇಕು, ಒಂದು ಹಂತ ಗೆದ್ದರೆ ಮುಂದಿನದಕ್ಕೆ ಹಣ ಖಚಿತ ಎಂಬ ಲಿಖಿತ ಭರವಸೆಯೊಂದಿಗೆ. ಸೋತರೆ ನಿಲ್ಲಿಸುವ ಧೈರ್ಯವೂ ಇರಬೇಕು, ಅದೂ ಹಂಚಿಕೆಯ ಭಾಗವೇ. ಇನ್ನು ಒಂದು ರೂಪಾಯಿ ತುರ್ತಿಗೆಂದು ಪ್ರತ್ಯೇಕ ಇಡಬೇಕು. ಇಲ್ಲದಿದ್ದರೆ ಕಾಯಿಲೆ ಜೋರಾದ ವರ್ಷ ಲಸಿಕೆಯ ಹಣವನ್ನೇ ಆಂಬುಲೆನ್ಸ್‌ಗೆ, ಬ್ಲೀಚಿಂಗ್ ಪುಡಿಗೆ ತಿರುಗಿಸುತ್ತಾರೆ. ಆ ಕ್ಷಣಕ್ಕೆ ಅದು ಸರಿಯಾದ ನಿರ್ಧಾರವೂ ಆಗಿರುತ್ತದೆ, ತೊಂದರೆ ಇರುವುದೇ ಅಲ್ಲಿ.

ನಾಲ್ಕುನೂರು ಜನರ ಕಾಯಿಲೆ

ಮಂಗನ ಕಾಯಿಲೆ ಸಾಮಾನ್ಯವಾಗಿ ವರ್ಷಕ್ಕೆ 400ರಿಂದ 500 ಜನರಿಗೆ ಬರುತ್ತದೆ, ಅವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಕ್ಷಯರೋಗ ದೇಶದಲ್ಲಿ ವರ್ಷಕ್ಕೆ ಸುಮಾರು 28 ಲಕ್ಷ ಜನರಿಗೆ ಬರುತ್ತದೆ ಎಂಬ ಅಂದಾಜಿದೆ. ರೋಗಿಗಳ ಸಂಖ್ಯೆ ನೋಡಿ ಹಣ ಹಂಚಿದರೆ ಅರಳಗೋಡಿನ ಪಾಲಿಗೆ ಚಿಲ್ಲರೆಯೂ ಉಳಿಯುವುದಿಲ್ಲ. ದೆಹಲಿಯಲ್ಲಿ ಕೂತು ಹಂಚುವವರನ್ನು ಇದಕ್ಕಾಗಿ ಪೂರ್ತಿ ದೂರಲಾಗದು, ಒಂದು ಕೋಟಿಯಲ್ಲಿ ಎಷ್ಟು ಜೀವ ಉಳಿಯುತ್ತದೆ ಎಂದು ಅವರು ಲೆಕ್ಕ ಹಾಕಲೇಬೇಕು. ಆದರೆ ಸಂಖ್ಯೆ ಒಂದೇ ಅಳತೆಗೋಲಾದರೆ ಎರಡು ಸಂಗತಿ ತಪ್ಪಿಹೋಗುತ್ತವೆ. ಒಂದು, ಈ ಕಾಯಿಲೆ ನಿಂತಲ್ಲೇ ನಿಂತಿಲ್ಲ. 2012ರಲ್ಲಿ ಬಂಡೀಪುರ, ಆಮೇಲೆ ವಯನಾಡು, ಗೋವಾ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ ಹೀಗೆ ಪಶ್ಚಿಮ ಘಟ್ಟದ ಉದ್ದಕ್ಕೂ ಕಾಣಿಸಿಕೊಂಡಿದೆ. ಎರಡು, ಇದನ್ನು ಬೇರೆ ಯಾವ ದೇಶವೂ ನಮಗಾಗಿ ಸಂಶೋಧಿಸಿ ಕೊಡುವುದಿಲ್ಲ.

ಕಡಿಮೆ ಸಂಖ್ಯೆಯಿಂದ ಲಸಿಕೆಯ ಪರೀಕ್ಷೆಯೂ ದುಬಾರಿಯಾಗುತ್ತದೆ. ಅಪಾಯದ ಹಳ್ಳಿಗಳಲ್ಲಿ ಒಂದು ಋತುವಿನಲ್ಲಿ ಸಾವಿರಕ್ಕೆ ಒಬ್ಬರಿಗೆ ಕಾಯಿಲೆ ಬರುತ್ತದೆ ಎಂದುಕೊಳ್ಳಿ, ಇದು ಲೆಕ್ಕಕ್ಕಾಗಿ ಹಿಡಿದ ಅಂಕಿ. ಲಸಿಕೆ ಪಡೆಯದ ಗುಂಪಿನಲ್ಲಿ 30 ರೋಗಿಗಳು ಕಾಣಬೇಕಾದರೆ ಆ ಗುಂಪಿನಲ್ಲೇ 30,000 ಜನ ಬೇಕು, ಲಸಿಕೆ ಪಡೆದ ಗುಂಪಿನಲ್ಲಿ ಇನ್ನೂ ಅಷ್ಟು. ಆ 60,000 ಜನರನ್ನು ಕಾಡಂಚಿನ ಮನೆಮನೆಗೆ ಹೋಗಿ ಗಮನಿಸುತ್ತಿರಬೇಕು. ಆ ವರ್ಷ ಕಾಯಿಲೆ ಬೇರೆ ತಾಲ್ಲೂಕಿಗೆ ಜಿಗಿದರೆ ಮತ್ತೊಂದು ಋತು ಕಾಯಬೇಕು. ಮೂರು ವರ್ಷದ ಪ್ರಾಜೆಕ್ಟ್‌ಗೆ ಇದು ಹಿಡಿಸುವ ಕೆಲಸವಲ್ಲ.

ಇಂಥದ್ದು ಜಗತ್ತಿನ ಬೇರೆ ಕಡೆಯೂ ಆಗಿದೆ. ಕೆನಡಾದ ವಿನಿಪೆಗ್‌ನ ಸರ್ಕಾರಿ ಪ್ರಯೋಗಾಲಯದಲ್ಲಿ ರೂಪುಗೊಂಡ ಎಬೋಲಾ ಲಸಿಕೆ ಮಂಗಗಳನ್ನು ಕಾಪಾಡುತ್ತದೆ ಎಂದು 2005ರಲ್ಲೇ ಪ್ರಕಟವಾಗಿತ್ತು. ಮುಂದಿನ ದುಬಾರಿ ಹಂತಕ್ಕೆ ಕೊಳ್ಳುವವರಿಲ್ಲದೆ ವರ್ಷಗಟ್ಟಲೆ ತೆವಳಿತು. 2014ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಸಾವಿರಾರು ಜನ ಸತ್ತ ಮೇಲೆ ಎಲ್ಲರೂ ಓಡಿಬಂದರು, 2015ರಲ್ಲಿ ಗಿನಿಯಲ್ಲಿ ಪರೀಕ್ಷಿಸಿದಾಗ ಲಸಿಕೆ ಚೆನ್ನಾಗಿ ಕೆಲಸ ಮಾಡಿತು. ಇದರಿಂದ ಪಾಠ ಕಲಿತು, ಮಾರುಕಟ್ಟೆಯಿಲ್ಲದ ಕಾಯಿಲೆಗಳ ಲಸಿಕೆಗೆ ಮುಂಚಿತವಾಗಿಯೇ ಹಣ ಒದಗಿಸಲು 2017ರಲ್ಲಿ ‘ಸೆಪಿ’ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಶುರುವಾಯಿತು.

‘ಖರ್ಚಾಗದೆ ವಾಪಸ್ ಹೋದ ಹಣ’

ಇದೂ ಒಂದು ಜನಪ್ರಿಯ ಫಾರ್ವರ್ಡ್. ಹಣ ವಾಪಸ್ ಹೋಗುವುದು ನಿಜ, ಆದರೆ ವಾಪಸ್ ಹೋದದ್ದು ತಿಂದ ಹಣವಂತೂ ಅಲ್ಲ. ಸರ್ಕಾರದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಕೊಡದೆ ಮುಂದಿನದು ಬಿಡುಗಡೆಯಾಗುವುದಿಲ್ಲ. ಕಂತು ಡಿಸೆಂಬರ್‌ನಲ್ಲಿ ಕೈಗೆ ಬಂದರೆ, ಟೆಂಡರ್ ಕರೆದು ಉಪಕರಣ ತರಿಸುವ ಹೊತ್ತಿಗೆ ಮಾರ್ಚ್ ಮುಗಿದಿರುತ್ತದೆ. ಮಂಗನ ಕಾಯಿಲೆಗೆ ಇದು ಇನ್ನೂ ಕೆಟ್ಟ ಹೊಂದಾಣಿಕೆ: ಕಾಯಿಲೆಯ ಕಾಲ ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ಆರ್ಥಿಕ ವರ್ಷ ಸರಿಯಾಗಿ ಋತುವಿನ ನಡುವೆ ತುಂಡಾಗುತ್ತದೆ.

ಈಗ ಎಲ್ಲಿದ್ದೇವೆ?

ಐಸಿಎಂಆರ್ ಮತ್ತು ಹೈದರಾಬಾದ್‌ನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸಂಸ್ಥೆ ಸೇರಿ ಹೊಸ ಲಸಿಕೆಯ ಕೆಲಸ ನಡೆಸಿವೆ. ಹೊಸ ಲಸಿಕೆ ಬಂದೇಬಿಟ್ಟಿತು ಎಂಬ ಫಾರ್ವರ್ಡ್ ಬಂದರೆ ಯಾವ ಹಂತ ಎಂದು ನೋಡಿ. ಮೊದಲ ಹಂತದಲ್ಲಿ ಕೆಲವೇ ಆರೋಗ್ಯವಂತರ ಮೇಲೆ ಸುರಕ್ಷತೆ ನೋಡುತ್ತಾರೆ, ಎರಡನೆಯದರಲ್ಲಿ ರೋಗನಿರೋಧಕ ಶಕ್ತಿ ಮತ್ತು ಡೋಸ್ ಪ್ರಮಾಣ, ಮೂರನೆಯದರಲ್ಲಿ ನಿಜವಾಗಿ ಕಾಯಿಲೆ ತಡೆಯುತ್ತದೆಯೇ ಎಂಬುದು. ಹಣ ಒಣಗುವ ಅಪಾಯ ಹೆಚ್ಚಿರುವುದು ಎರಡರಿಂದ ಮೂರಕ್ಕೆ ದಾಟುವಾಗ. ಶಾಸಕರನ್ನೋ ಸಂಸದರನ್ನೋ ಪ್ರಶ್ನೆ ಕೇಳುವುದಾದರೆ ‘ಎಷ್ಟು ಕೋಟಿ’ ಎನ್ನುವ ಬದಲು ‘ಮುಂದಿನ ಹಂತದ ಹಣ ಯಾವ ವರ್ಷದ ಬಜೆಟ್‌ನಲ್ಲಿದೆ’ ಎಂದು ಕೇಳಿ.

ಲಸಿಕೆ ಬರುವವರೆಗೆ ಕಾಡಿಗೆ ಹೋಗುವವರು ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಬೇಕು, ಮೈತುಂಬ ಬಟ್ಟೆ ಹಾಕಿಕೊಳ್ಳಬೇಕು, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯಬೇಕು. ತೋಟದಲ್ಲೋ ಕಾಡಿನಲ್ಲೋ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ, ಮುಟ್ಟಬೇಡಿ, ಆಶಾ ಕಾರ್ಯಕರ್ತೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಂದೇ ತಿಳಿಸಿ. ಕಾಡಿಗೆ ಹೋಗಿಬಂದ ಕೆಲವು ದಿನಗಳಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಮಲಗದೆ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮರೆಯದೆ ಹೇಳಿ. ನೀವು ಕೊಡುವ ಆ ಸತ್ತ ಮಂಗದ ಸುದ್ದಿ ಪ್ರಯೋಗಾಲಯದ ನಿಗಾ ದಾಖಲೆಗೆ ಸೇರುತ್ತದೆ. ಮುಂದಿನ ಋತುವಿನಲ್ಲಿ ಯಾವ ಹಳ್ಳಿಗೆ ಮೊದಲು ಹೋಗಬೇಕು, ಲಸಿಕೆಯ ಪರೀಕ್ಷೆ ಎಲ್ಲಿ ಮಾಡಬೇಕು ಎಂದು ತೀರ್ಮಾನಿಸುವವರು ನೋಡುವುದು ಅದೇ ದಾಖಲೆಯನ್ನು.